ಒಂದೂವರೆ ಅಕ್ಷರದ ರಾಜ

ಮನೆಗೆ ಸುಣ್ಣಬಣ್ಣ ಮಾಡಿದ ಮೇಸ್ತ್ರಿಗೆ ಕೊಟ್ಟಿದ್ದ ಚೆಕ್ಕು ವಾಪಸ್ ಬಂತು. ಖಾತೆಯಲ್ಲಿ ದುಡ್ಡಿರಲಿಲ್ಲ ಎಂದುಕೊಳ್ಳಬೇಡಿ. ದುಡ್ಡಿತ್ತು, ಇಲ್ಲದ್ದು ನಾನೇ. ಅಂದರೆ, ಬ್ಯಾಂಕಿನವರ ಪ್ರಕಾರ ಅದರ ಮೇಲಿನ ಸಹಿ ನನ್ನದಾಗಿರಲಿಲ್ಲ. ಮೇಸ್ತ್ರಿ ಬಲು ಸಂಕೋಚದ ಮನುಷ್ಯ. ಗೇಟಿನ ಹತ್ತಿರವೇ ನಿಂತು, ಬಣ್ಣ ಮೆತ್ತಿದ ಬೆರಳುಗಳ ನಡುವೆ ಬ್ಯಾಂಕಿನ ಚೀಟಿ ಹಿಡಿದು, "ಸಾರ್, ಸೈನು ಹೊಂದ್ತಾ ಇಲ್ವಂತೆ" ಎಂದು ತಾನೇ ತಪ್ಪು ಮಾಡಿದವನ ಹಾಗೆ ನೆಲ ನೋಡಿದ. ಒಳಗಿನಿಂದ ನನ್ನಾಕೆ, "ಚೆಕ್ಕು ಬೌನ್ಸ್ ಆಯ್ತಾ? ಅಯ್ಯೋ, ಜೈಲಿಗೆ ಹಾಕ್ತಾರಂತೆ ಕಣ್ರೀ!" ಎಂದಳು. ಪಕ್ಕದ ಮನೆಯ ರಾಯರು ಆಗ ಗಿಡಗಳಿಗೆ ನೀರು ಬಿಡುತ್ತಿದ್ದರು. ಅವರ ಪೈಪಿನ ನೀರು ಬಹಳ ಹೊತ್ತು ಒಂದೇ ದಾಸವಾಳದ ಬುಡಕ್ಕೆ ಬೀಳುತ್ತಲೇ ಇತ್ತು.

ಮಾರನೆಯ ದಿನ ಬ್ಯಾಂಕಿಗೆ ಹೋದೆ. ಕೌಂಟರಿನ ಹುಡುಗಿ ಒಳ್ಳೆಯವಳು. ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದಳು. ಅಲ್ಲಿತ್ತು ನನ್ನ ಯೌವನ! ಮೊದಲಕ್ಷರದ ತಲೆಯ ಮೇಲೊಂದು ಕೊಂಬು, ಕೊನೆಯಕ್ಷರದ ಬಾಲವನ್ನು ಹಿಂದಕ್ಕೆಳೆದು ಇಡೀ ಹೆಸರಿನ ಅಡಿಗೆ ಹಾಸಿದ ಗೆರೆ, ಗೆರೆಯ ಕೆಳಗೆ ಎರಡು ಚುಕ್ಕೆ. ಆ ಚುಕ್ಕೆಗಳನ್ನು ಯಾವ ಪುರುಷಾರ್ಥಕ್ಕೆ ಇಟ್ಟಿದ್ದೆನೋ! ಮುಂದೆ ದೊಡ್ಡ ಮನುಷ್ಯನಾಗಿ ಜನ ಹಸ್ತಾಕ್ಷರಕ್ಕೆ ಮುತ್ತಿಕೊಂಡಾಗ ಚೆಂದ ಕಾಣಲಿ ಎಂದಿರಬೇಕು. ಈವರೆಗೆ ನನ್ನ ಹಸ್ತಾಕ್ಷರ ಕೇಳಿದವರು ಗ್ಯಾಸ್ ಸಿಲಿಂಡರಿನವನು ಮತ್ತು ಕೊರಿಯರಿನವನು, ಇಬ್ಬರೇ. ಕೊಂಬು, ಬಾಲ, ಚುಕ್ಕೆ ಎಲ್ಲ ವರ್ಷ ಕಳೆದಂತೆ ಒಂದೊಂದಾಗಿ ಉದುರಿಹೋಗಿ ಈಗಿನ ಸಹಿಯಲ್ಲಿ ಉಳಿದಿರುವುದು ಒಂದು ಗೀಟು, ಒಂದು ನಡುಕ. ಹುಡುಗಿ ಸಮಾಧಾನದ ದನಿಯಲ್ಲಿ ಹೇಳಿದಳು: "ಅಂಕಲ್, ನಿಮ್ ಚೆಕ್ ಬಂದಾಗ ನಾವು ಸೈನ್ ಚೆಕ್ ಮಾಡಿದ್ವಿ, ಮ್ಯಾಚ್ ಆಗ್ಲಿಲ್ಲ. ಹೊಸ ಸೈನ್ ಕೊಟ್ಬಿಡಿ, ಇನ್ನೊಂದ್ಸಲ ಚೆಕ್ ಹಾಕಿ."

ಹೊಸ ಸಹಿ ಕೊಟ್ಟು ಬಂದೆ. ಮೇಸ್ತ್ರಿಗೆ ಹೊಸ ಚೆಕ್ಕೂ ಹೋಯಿತು. ಅಂದ ಹಾಗೆ, ಜೈಲಿನ ಮಾತು ಪೂರಾ ಸುಳ್ಳಲ್ಲ. 1881ರ ನಮ್ಮ ಹಳೆಯ ಕಾಯಿದೆಗೆ 138ನೇ ಕಲಮು ಸೇರಿ, 1989ರಿಂದ ಚೆಕ್ ಬೌನ್ಸ್ ಎಂಬುದು ಅಪರಾಧ, ಈಗ ಅದಕ್ಕೆ ಎರಡು ವರ್ಷದವರೆಗೆ ಸೆರೆವಾಸ ಆಗಬಹುದು. ಆದರೆ ಅದಕ್ಕೆ ಮೊದಲು ನೋಟಿಸು ಕೊಡಬೇಕು, ನೋಟಿಸು ತಲುಪಿ 15 ದಿನ ಕಾಯಬೇಕು. ನನ್ನಾಕೆ ಗಾಬರಿಯಾದಷ್ಟು ಬೇಗ ಪೊಲೀಸರು ಬರುವುದಿಲ್ಲ. ಇದನ್ನು ರಾಯರಿಗೂ ಕೇಳಿಸುವಂತೆ ತುಸು ಗಟ್ಟಿಯಾಗಿಯೇ ಹೇಳಿದ್ದೇನೆ.

ನನ್ನ ತಲೆಯಲ್ಲಿ ಉಳಿದುಕೊಂಡದ್ದು ಆ ಹುಡುಗಿಯ ಮಾತು. ಚೆಕ್ ಬಂದಾಗ ಚೆಕ್ ಮಾಡಿದರಂತೆ! ಒಂದೂವರೆ ಅಕ್ಷರದ ಈ ಪದ ನಮ್ಮ ಮನೆಯೊಳಗೆ ಎಷ್ಟು ಬಾಗಿಲಿನಿಂದ ನುಗ್ಗಿಬಂದಿದೆ ನೋಡಿ. ಬೆಳಿಗ್ಗೆ ಎದ್ದರೆ ಬಿಪಿ ಚೆಕ್. ಗ್ಯಾಸ್ ಆಫ್ ಆಗಿದೆಯಾ ಚೆಕ್. ಚೆಕ್ಸ್ ಅಂಗಿ ತೊಟ್ಟು ಬಸ್ಸು ಹತ್ತಿದರೆ ಟಿಕೆಟ್ ಚೆಕ್. ಜಿಲ್ಲೆಯ ಗಡಿಗೆ ಚೆಕ್‌ಪೋಸ್ಟು, ಹಳ್ಳಕ್ಕೆ ಚೆಕ್‌ಡ್ಯಾಮು, ಲಾಡ್ಜಿನಲ್ಲಿ ಚೆಕ್‌ಇನ್ನು, ಗ್ಯಾರೇಜಿನಲ್ಲಿ ಚೆಕ್‌ನಟ್ಟು. ಬೀದಿಯ ಗಣೇಶೋತ್ಸವದಲ್ಲಿ ಮೈಕಿನ ತಲೆಗೆ ಬೆರಳಿನಿಂದ ತಟ್ಟಿ "ಹಲೋ, ಚೆಕ್... ಚೆಕ್..." ಎನ್ನದೆ ಶುರುವಾದ ಕಾರ್ಯಕ್ರಮವನ್ನು ನಾನಂತೂ ಕಂಡಿಲ್ಲ. ವಿಘ್ನೇಶ್ವರನ ಸ್ತುತಿ ಆಮೇಲೆ.

ಇಂಗ್ಲಿಷಿನವರು ಬ್ಯಾಂಕಿನ ಚೆಕ್ಕಿಗೆ ಒಂದು ಕಾಗುಣಿತ, ತಪಾಸಣೆಯ ಚೆಕ್ಕಿಗೆ ಇನ್ನೊಂದು ಕಾಗುಣಿತ ಇಟ್ಟುಕೊಂಡಿದ್ದಾರೆ. ಯುರೋಪಿನಲ್ಲಿ ಚೆಕ್ ಎಂಬ ದೇಶ ಬೇರೆ ಇದೆ, ಅದರದು ಮೂರನೆಯ ಕಾಗುಣಿತ. ನಮ್ಮ ಲಿಪಿ ಉದಾರಿ, ಮೂವರನ್ನೂ ಒಂದೇ ಚಾಪೆಯ ಮೇಲೆ ಕೂರಿಸುತ್ತದೆ. 2023 ಮತ್ತು 2024ರಲ್ಲಿ ವಿಂಬಲ್ಡನ್ ಮಹಿಳಾ ಪ್ರಶಸ್ತಿ ಗೆದ್ದವರಿಬ್ಬರೂ ಆ ದೇಶದವರೇ. "ಚೆಕ್ ಆಟಗಾರ್ತಿಗೆ ಪ್ರಶಸ್ತಿ" ಎಂದು ನಾನು ಗಟ್ಟಿಯಾಗಿ ಓದಿದರೆ ನನ್ನಾಕೆ, "ದುಡ್ಡು ನೇರ ಖಾತೆಗೇ ಹಾಕ್ಬಾರ್ದಾ?" ಎಂದಳು. ಈ ದೇಶದ ಹೆಸರಿಗೂ ನಾನು ಹೇಳಹೊರಟ ಚೆಕ್ಕಿಗೂ ಯಾವ ನೆಂಟಸ್ತಿಕೆಯೂ ಇಲ್ಲ. ಆದರೂ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ: ನಾವೆಲ್ಲ ಅಪ್ಪಟ ದೇಶೀ ಎಂದು ನಂಬಿ ಶಾಲೆಗೆ ತೊಟ್ಟುಕೊಂಡು ಹೋದ ಬಾಟಾ ಬೂಟಿನ ಮೂಲ ಆ ಚೆಕ್ ನಾಡಿನ ಜ್ಲೀನ್ ಎಂಬ ಊರು. ಟೊಮಾಶ್ ಬಾಟಾ ಅಲ್ಲಿ ಅಂಗಡಿ ತೆರೆದದ್ದು 1894ರಲ್ಲಿ.

ಇನ್ನು ನಿಜವಾದ ಚೆಕ್ಕಿನ ವಿಷಯ. ನಿಘಂಟು ತೆಗೆದು ನೋಡಿದೆ. ಬ್ಯಾಂಕಿನ ಚೆಕ್ಕು, ಬಸ್ಸಿನ ಚೆಕ್ಕಿಂಗು, ಅಂಗಿಯ ಚೆಕ್ಸು, ಹಳ್ಳದ ಚೆಕ್‌ಡ್ಯಾಮು ಇವೆಲ್ಲ ಒಂದೇ ತಾಯಿಯ ಮಕ್ಕಳಂತೆ. ತಾಯಿಯ ಮನೆ ಚದುರಂಗದ ಹಾಸು. ಅದರಾಚೆಗೆ ಅಜ್ಜನ ಹೆಸರು ಕೇಳಿದರೆ, ಶಾ. ಅಂದರೆ ಪಾರಸಿಯ ರಾಜ.

ಕಥೆ ಹೀಗೆ. ಆಟ ನಮ್ಮದು. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳ ಸೇನೆಯ ಹೆಸರೇ ಆಟಕ್ಕೂ ಬಂತು. ಏಳನೆಯ ಶತಮಾನದಲ್ಲಿ ಬಾಣಭಟ್ಟ ಹರ್ಷಚರಿತದಲ್ಲಿ ಚತುರಂಗದ ಹೆಸರೆತ್ತಿ ಒಂದು ಶ್ಲೇಷೆಯನ್ನೂ ಆಡಿದ್ದಾನೆ. ಬಾಣ ಶ್ಲೇಷೆ ಆಡದ ವಿಷಯ ಜಗತ್ತಿನಲ್ಲಿ ಇಲ್ಲವೆನ್ನಿ. ಆಟ ಪರ್ಷಿಯಕ್ಕೆ ಹೋಯಿತು, ಅಲ್ಲಿ ಚತ್ರಂಗ್ ಆಯಿತು. ಅರಬರ ಬಾಯಲ್ಲಿ ಚಕಾರ ಗಕಾರ ಹೊರಳದೆ ಶತ್ರಂಜ್ ಆಯಿತು. ಹಿಂದೂಸ್ತಾನದ ರಾಜನೊಬ್ಬ ಈ ಆಟವನ್ನು ಒಗಟಿನ ಹಾಗೆ ಪರ್ಷಿಯದ ದೊರೆ ಖುಸ್ರೋ ಅನುಶಿರ್ವಾನನ ಆಸ್ಥಾನಕ್ಕೆ ಕಳುಹಿಸಿದ, ಅಲ್ಲಿನ ಮಂತ್ರಿ ಬುಜುರ್ಗ್‌ಮೆಹರ್ ಅದರ ಗುಟ್ಟು ಬಿಡಿಸಿದ ಎಂದು ಪಾರಸಿಯವರು ಹೇಳಿಕೊಳ್ಳುತ್ತಾರೆ. ಫಿರ್ದೌಸಿಯ ಶಾನಾಮೆಯಲ್ಲೂ ಈ ಕಥೆ ಇದೆ. ಕಥೆಯ ಸತ್ಯಾಸತ್ಯ ಹೇಗಾದರೂ ಇರಲಿ, ಪಾರಸಿಗರು ಆಟಕ್ಕೆ ಒಂದು ಸೌಜನ್ಯವನ್ನು ಸೇರಿಸಿದರು. ಎದುರಾಳಿಯ ರಾಜನ ಮೇಲೆ ಏರಿಹೋದಾಗ ಸದ್ದಿಲ್ಲದೆ ಹೊಡೆಯುವಂತಿಲ್ಲ, "ಶಾ!" ಎಂದು ಕೂಗಿ ಎಚ್ಚರಿಸಬೇಕು. ದೊರೆಯೇ, ಕಾಪಾಡಿಕೋ ಎಂದರ್ಥ. ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದಿದ್ದರೆ "ಶಾ ಮಾತ್", ದೊರೆ ದಿಕ್ಕುಗೆಟ್ಟ. ನಮ್ಮ ದೊಡ್ಡಪ್ಪ ಜಗಲಿಯ ಮೇಲೆ ಆಡುವಾಗ "ಶಾ" ಎಂದೇ ಕೂಗುತ್ತಿದ್ದರು. ಅವರಿಗೆ ಪಾರಸಿ ಬರುತ್ತಿರಲಿಲ್ಲ, ಎದುರಾಳಿ ಎಲೆಯಡಿಕೆಗೆ ಕೈ ಹಾಕಿದಾಗ ಕಾಯಿ ಸರಿಸುವ ವಿದ್ಯೆ ಬರುತ್ತಿತ್ತು.

ಆ ಕೂಗು ಅರಬರಿಂದ ಲ್ಯಾಟಿನ್ನಿಗೆ, ಅಲ್ಲಿಂದ ಹಳೆಯ ಫ್ರೆಂಚಿಗೆ ಹೋಗಿ "ಎಸ್ಚೆಕ್" ಆಯಿತು. ಇಂಗ್ಲಿಷರು ಮುಂದಿನ ಎಸಳು ಕಿತ್ತು ಚೆಕ್ ಎಂದು ಉಳಿಸಿಕೊಂಡರು. ಅದರ ಬಹುವಚನವೇ ಚೆಸ್. ಚೆಸ್ ಎಂದರೆ ಬರೇ "ರಾಜರುಗಳು", ಆಟದ ಹೆಸರೇ ಅಲ್ಲ! ಆನೆ ಕುದುರೆ ಕಾಲಾಳುಗಳನ್ನೆಲ್ಲ ಹೆಸರಿನಲ್ಲಿ ಕೂಡಿಸಿಕೊಂಡಿದ್ದ ಆಟ ಪಶ್ಚಿಮಕ್ಕೆ ಹೋಗುವಷ್ಟರಲ್ಲಿ ರಾಜನೊಬ್ಬನ ಸ್ವತ್ತಾಗಿತ್ತು. ಸೈನಿಕರು ದುಡಿಯುವುದು, ಹೆಸರು ದೊರೆಗೆ ಹೋಗುವುದು ಆಗಲೂ ಇತ್ತು.

ಈ ಶಾ ನಮಗೇನು ದೂರದವನಲ್ಲ. ನಮ್ಮ ಮನೆಯ ಜಗಲಿಗೆ ಹಾಕಿರುವುದು ಶಹಾಬಾದ್ ಕಲ್ಲು, ಕಲಬುರಗಿ ಜಿಲ್ಲೆಯದು. ಬೇಸಿಗೆಯಲ್ಲಿ ಅದರ ಮೇಲೆ ಅಂಗಾತ ಮಲಗಿದರೆ ಬೆನ್ನಿಗೆ ಸಿಗುವ ತಂಪು ಯಾವ ಎಸಿಯಲ್ಲೂ ಇಲ್ಲ. ಆ ಊರಿನ ಹೆಸರಿನಲ್ಲಿ ಕೂತಿರುವವನು ಇದೇ ಶಾ. ಬಿಜಾಪುರದ ಆದಿಲ್‌ಶಾಹಿಗಳ ಹೆಸರಿನಲ್ಲೂ ಅವನೇ. ಇನ್ನೂ ಹಿಂದಕ್ಕೆ ಹೋದರೆ ಬೇಹಿಸ್ತೂನಿನ ಬಂಡೆಯ ಮೇಲೆ ಪರ್ಷಿಯದ ದೊರೆ ದಾರಿಯವೂಷನು (ಡೇರಿಯಸ್) ಕೊರೆಸಿದ ಹಳೆಯ ಪಾರಸಿ ಶಾಸನದಲ್ಲಿ ಶಾ ಎಂಬುದು "ಕ್ಷಾಯಥಿಯ" ಎಂದಿದೆ. ನಮ್ಮ ಕ್ಷತ್ರ, ಕ್ಷತ್ರಿಯಗಳಿಗೂ ಅದಕ್ಕೂ ಬೇರು ಒಂದೇ, ಆಳುವುದು ಎಂಬ ಅರ್ಥದ ಧಾತು. ಬಸ್ಸಿನಲ್ಲಿ ಟಿಕೆಟ್ ಚೆಕ್ ಮಾಡುವವನು ತನಗೆ ಗೊತ್ತಿಲ್ಲದೆಯೇ ಕ್ಷಾತ್ರಧರ್ಮ ಪಾಲಿಸುತ್ತಿದ್ದಾನೆ ಎಂದಾಯಿತು. ಅವನ ಮುಖದಲ್ಲಿ ಆ ಕಳೆ ಇರುವುದೂ ನಿಜ.

ರಾಜನಿಗೆ ಹೇಳಿದ ಎಚ್ಚರಿಕೆ ಇಂಗ್ಲಿಷಿನಲ್ಲಿ ನಿಧಾನವಾಗಿ ಎಲ್ಲರ ಮೈಮೇಲೂ ಹರಿಯಿತು. ರಾಜನಿಗೆ ಚೆಕ್ ಎಂದರೆ ಅವನ ಓಟಕ್ಕೆ ತಡೆ. ಹಾಗಾಗಿ ಯಾವ ತಡೆಯಾದರೂ ಚೆಕ್. ನೀರಿಗೆ ಹಾಕಿದರೆ ಚೆಕ್‌ಡ್ಯಾಮ್. ತಡೆದ ಮೇಲೆ ಸುಮ್ಮನೆ ಬಿಡುತ್ತಾರೆಯೇ? ಯಾರು, ಎಲ್ಲಿಂದ, ಚೀಲದಲ್ಲೇನು ಎಂದು ನೋಡುತ್ತಾರೆ. ಹಾಗಾಗಿ ನೋಡುವುದೂ ಚೆಕ್. ಗಿಡುಗ ಸಾಕಿ ಬೇಟೆಯಾಡುತ್ತಿದ್ದ ಇಂಗ್ಲಿಷ್ ಜಹಗೀರುದಾರರಿಗೆ ಇನ್ನೊಂದು ಅರ್ಥವೂ ಇತ್ತು. ಹಿಡಿಯಬೇಕಾದ ಹಕ್ಕಿಯನ್ನು ಬಿಟ್ಟು, ನಡುವೆ ಕಂಡ ಬೇರೆ ಯಾವುದೋ ಹಕ್ಕಿಯ ಹಿಂದೆ ಗಿಡುಗ ಹಾರಿಹೋದರೆ ಅದಕ್ಕೂ ಅವರು ಚೆಕ್ ಎನ್ನುತ್ತಿದ್ದರು. ಈ ಪ್ರಬಂಧ ಬರೆಯುವವರೆಗೆ ನನಗಿರುವ ಈ ಗುಣಕ್ಕೆ ಹೆಸರಿದೆ ಎಂದು ಗೊತ್ತಿರಲಿಲ್ಲ. ಬದನೆಕಾಯಿ ತರಲು ಹೋಗಿ ಹಳೆಯ ಪುಸ್ತಕದ ಅಂಗಡಿಯಿಂದ ಬರಿಗೈಲಿ ಹಿಂದಿರುಗುವ ನನ್ನನ್ನು ಮನೆಯಲ್ಲಿ ಬೇರೆ ಹೆಸರುಗಳಿಂದ ಕರೆಯುತ್ತಾರೆ.

ಹಾಗಾದರೆ ದುಡ್ಡಿನ ಚೆಕ್ಕು? ಅಲ್ಲಿಯೇ ಸ್ವಾರಸ್ಯ ಇರುವುದು. ಹನ್ನೆರಡನೆಯ ಶತಮಾನದ ಇಂಗ್ಲೆಂಡಿನಲ್ಲಿ ರಾಜನ ಬೊಕ್ಕಸದ ಲೆಕ್ಕ ನೋಡುವ ಕಚೇರಿಗೆ ಸ್ಕಕ್ಕಾರಿಯಮ್ ಎಂದು ಹೆಸರು. ಲ್ಯಾಟಿನ್ನಿನಲ್ಲಿ ಹಾಗೆಂದರೆ ಚದುರಂಗದ ಹಾಸು. ಹೆಸರು ಹೀಗೇಕೆ ಬಂತು ಎಂಬುದನ್ನು ಆ ಕಚೇರಿಯ ಖಜಾಂಚಿ ರಿಚರ್ಡ್ ಫಿಟ್ಸ್‌ನೀಲ್ ಎಂಬವನೇ ಬರೆದಿಟ್ಟಿದ್ದಾನೆ. ಎರಡನೆಯ ಹೆನ್ರಿಯ ಆಳ್ವಿಕೆಯ 23ನೆಯ ವರ್ಷದಲ್ಲಿ, ಅಂದರೆ 1177ರ ಸುಮಾರಿಗೆ, ಥೇಮ್ಸ್ ನದಿಯ ದಂಡೆಯ ಗೋಪುರವೊಂದರ ಕಿಟಕಿಯಲ್ಲಿ ಕೂತಿದ್ದಾಗ ಬರೆಯಲು ಮನಸ್ಸಾಯಿತಂತೆ. ಪುಸ್ತಕ ಇರುವುದು ಗುರುಶಿಷ್ಯ ಸಂವಾದದ ರೂಪದಲ್ಲಿ. ಶಿಷ್ಯ ಕೇಳುತ್ತಾನೆ, ಗುರು ಹೇಳುತ್ತಾನೆ, ನಮ್ಮ ಪುರಾಣಗಳ ಶೌನಕಾದಿ ಮುನಿಗಳ ಧಾಟಿಯೇ. ವಿಷಯ ಮಾತ್ರ ತೆರಿಗೆ ವಸೂಲಿ.

ಹತ್ತಡಿ ಉದ್ದ, ಐದಡಿ ಅಗಲದ ಒಂದು ಮೇಜು. ಮೇಲಿಟ್ಟದ್ದು ಉರುಳಿ ಬೀಳದ ಹಾಗೆ ಸುತ್ತ ನಾಲ್ಕು ಬೆರಳು ಎತ್ತರದ ಅಂಚು. ಅದರ ಮೇಲೆ ಗೆರೆ ಎಳೆದು ಮನೆ ಮಾಡಿದ ಕಪ್ಪು ಬಟ್ಟೆ. ಒಂದು ಸಾಲು ಪೆನ್ನಿಗಳಿಗೆ, ಒಂದು ಷಿಲಿಂಗಿಗೆ, ಆಮೇಲೆ ಪೌಂಡು, ಇಪ್ಪತ್ತು, ನೂರು, ಸಾವಿರ. ಸೀಮೆಯ ಅಧಿಕಾರಿ ಷೆರೀಫ್ ಈಸ್ಟರ್ ಹಬ್ಬಕ್ಕೊಮ್ಮೆ, ಸೆಪ್ಟೆಂಬರ್ ಕೊನೆಯ ಮೈಕೆಲ್‌ಮಸ್ ಹಬ್ಬಕ್ಕೊಮ್ಮೆ ಬಂದು ಮೇಜಿನ ಮುಂದೆ ಕೂರಬೇಕು. ಎದುರಿಗೆ ಖಜಾನೆಯವರು. ಕೊಡಬೇಕಾದದ್ದು ಇಷ್ಟು ಎಂದು ಮೇಲಿನ ಮನೆಗಳಲ್ಲಿ ಬಿಲ್ಲೆ ಇಡುವರು, ಕೊಟ್ಟದ್ದು ಇಷ್ಟು ಎಂದು ಕೆಳಗೆ. ಬಿಲ್ಲೆ ಸರಿಸಿ ಸರಿಸಿ ಉಳಿದ ಬಾಕಿ ಎಷ್ಟು ಎಂದು ಎಲ್ಲರ ಕಣ್ಣೆದುರೇ ಇತ್ಯರ್ಥ. ಇಷ್ಟೆಲ್ಲ ಏಕೆಂದರೆ ಅವರ ಬಳಿ ಇದ್ದದ್ದು ರೋಮನ್ ಅಂಕಿ. ಅದರಲ್ಲಿ ಸೊನ್ನೆ ಇಲ್ಲ. ಸೊನ್ನೆ ಇಲ್ಲದೆ ಕೂಡಿ ಕಳೆಯುವ ಕಷ್ಟ ಏನೆಂದು ತಿಳಿಯಬೇಕಾದರೆ ಇಸವಿಯನ್ನು ರೋಮನ್ ಅಂಕಿಯಲ್ಲಿ ಬರೆದು ಅದರಿಂದ ನಿಮ್ಮ ಹುಟ್ಟಿದ ವರ್ಷ ಕಳೆದು ನೋಡಿ. ನಾನು ಪ್ರಯತ್ನಿಸಿ, ನನ್ನ ವಯಸ್ಸು ತಿಳಿಯದಿರುವುದೇ ಒಳ್ಳೆಯದೆಂದು ಬಿಟ್ಟೆ.

ಫಿಟ್ಸ್‌ನೀಲ್ ಇನ್ನೂ ಒಂದು ಮಾತು ಸೇರಿಸುತ್ತಾನೆ. ಬಟ್ಟೆ ಚದುರಂಗದ ಹಾಸಿನ ಹಾಗಿದೆ ಎಂಬುದಷ್ಟೇ ಹೆಸರಿಗೆ ಕಾರಣವಲ್ಲ, ಅಲ್ಲಿ ನಡೆಯುವುದೂ ಇಬ್ಬರ ನಡುವಿನ ಕಾಳಗವೇ, ಖಜಾಂಚಿಗೂ ಷೆರೀಫನಿಗೂ ಎಂದು. ಆ ಸ್ಕಕ್ಕಾರಿಯಮ್ಮೇ ಇಂಗ್ಲಿಷಿನಲ್ಲಿ ಎಕ್ಸ್‌ಚೆಕರ್. ಈಗಲೂ ಬ್ರಿಟನ್ನಿನ ಹಣಕಾಸು ಮಂತ್ರಿಗೆ ಎಕ್ಸ್‌ಚೆಕರಿನ ಚಾನ್ಸೆಲರ್ ಎಂದೇ ಹೆಸರು. ಅಂದರೆ ಚದುರಂಗ ಹಾಸಿನ ಮಂತ್ರಿ. ನಮ್ಮ ನಾರಾಯಣಮೂರ್ತಿ ದಂಪತಿಗಳ ಅಳಿಯ ರಿಷಿ ಸುನಕ್ 2020ರಿಂದ 2022ರವರೆಗೆ ಆ ಕುರ್ಚಿಯಲ್ಲಿದ್ದರಲ್ಲ. ಆಮೇಲೆ ಪ್ರಧಾನಿಯಾದಾಗ ಅವರಿಗೆ ಸಿಕ್ಕ ಹಳ್ಳಿಮನೆಯ ಹೆಸರು ಚೆಕರ್ಸ್. ಹನ್ನೆರಡನೆಯ ಶತಮಾನದಲ್ಲಿ ಆ ಜಮೀನಿನ ಒಡೆಯನಾಗಿದ್ದವನು ಇದೇ ಬೊಕ್ಕಸದ ಕಚೇರಿಯಲ್ಲಿ ದ್ವಾರಾಧಿಕಾರಿಯಾಗಿದ್ದುದರಿಂದ ಆ ಹೆಸರು ಎನ್ನುತ್ತಾರೆ. ಹರ್ಷನ ಕಾಲದಲ್ಲೇ ನಮ್ಮಲ್ಲಿ ಆಡುತ್ತಿದ್ದ ಆಟದ ಹೆಸರು ಇಂಗ್ಲೆಂಡಿನ ಹಳ್ಳಿಯ ಮನೆಯೊಂದರ ಫಲಕಕ್ಕೆ ಅಂಟಿಕೊಂಡು, ಕೊನೆಗೆ ಆ ಮನೆಗೆ ನಮ್ಮವರ ಅಳಿಯನೇ ಹೋಗಿ ಕೂತದ್ದನ್ನು ನೆನೆದರೆ ನನಗೆ ಸುಮ್ಮಸುಮ್ಮನೆ ಹೆಮ್ಮೆ. ಆಟವಾಗಲಿ ಅಳಿಯನಾಗಲಿ ನನ್ನ ಕೈಯಿಂದ ಹೋದದ್ದಲ್ಲ, ಆದರೂ.

ಬಾಕಿ ತೀರಿಸಿದವನಿಗೆ ರಸೀತಿ ಬೇಡವೇ? ಕೊಡುತ್ತಿದ್ದರು, ಕೋಲಿನಲ್ಲಿ. ಹೇಝಲ್ ಗಿಡದ ಒಂದು ತುಂಡಿನ ಮೇಲೆ ಕಚ್ಚು ಹಾಕುವರು. ಸಾವಿರ ಪೌಂಡಿಗೆ ಅಂಗೈಯಗಲದ ಕಚ್ಚು, ನೂರಕ್ಕೆ ಹೆಬ್ಬೆರಳಗಲ, ಇಪ್ಪತ್ತಕ್ಕೆ ಕಿರುಬೆರಳು, ಒಂದು ಪೌಂಡಿಗೆ ಬಲಿತ ಜವೆಕಾಳಿನಷ್ಟು. ಆಮೇಲೆ ಆ ಕೋಲನ್ನು ಉದ್ದಕ್ಕೆ ಸೀಳಿ ದೊಡ್ಡ ಸೀಳನ್ನು ದುಡ್ಡು ಕೊಟ್ಟವನಿಗೆ, ಚಿಕ್ಕದನ್ನು ಕಚೇರಿಗೆ. ಜಗಳ ಬಂದರೆ ಎರಡನ್ನೂ ಜೋಡಿಸಿ ನೋಡಿದರಾಯಿತು, ಕಚ್ಚು ಕೂಡಬೇಕು. ಚಿಕ್ಕ ಸೀಳಿಗೆ ಫಾಯಿಲ್ ಎಂದು ಹೆಸರು. ಚೆಕ್ ಪುಸ್ತಕದಲ್ಲಿ ನಾವು ಎಂದೂ ತುಂಬದೆ ಬಿಡುವ ಕೌಂಟರ್‌ಫಾಯಿಲ್ ಇಲ್ಲಿಂದಲೇ ಬಂದದ್ದು. ನಮ್ಮಜ್ಜಿ ಹಾಲಿನವಳ ಲೆಕ್ಕಕ್ಕೆಂದು ಅಡುಗೆಮನೆಯ ಬಾಗಿಲ ಹಿಂದೆ ಇದ್ದಿಲಿನಲ್ಲಿ ಗೆರೆ ಎಳೆಯುತ್ತಿದ್ದಳು, ಪಾವಿಗೆ ಗಿಡ್ಡ ಗೆರೆ, ಸೇರಿಗೆ ಉದ್ದ ಗೆರೆ. ಪದ್ಧತಿ ಅದೇ, ಸೀಳಿ ಅರ್ಧ ಕೊಡಲು ಬಾಗಿಲು ಒಪ್ಪುತ್ತಿರಲಿಲ್ಲ ಅಷ್ಟೆ. ಹಾಗಾಗಿ ತಿಂಗಳ ಕೊನೆಯಲ್ಲಿ ಹಾಲಿನವಳ ಗೆರೆಗಳೇ ಬೇರೆ, ಅಜ್ಜಿಯ ಗೆರೆಗಳೇ ಬೇರೆ.

ಇಂಗ್ಲೆಂಡಿನ ಈ ಕೋಲುಗಳ ಅಂತ್ಯ ದೊಡ್ಡದಾಗಿಯೇ ಆಯಿತು. ಈ ಪದ್ಧತಿ ಬೇಡ ಎಂದು 1782ರಲ್ಲಿ ಕಾನೂನು ಮಾಡಿದರು, ನಿಜವಾಗಿ ನಿಂತದ್ದು 1826ರಲ್ಲಿ. ಸರ್ಕಾರಿ ಕೆಲಸ! ರಾಶಿ ಬಿದ್ದ ಹಳೆಯ ಕೋಲುಗಳನ್ನು 1834ರ ಅಕ್ಟೋಬರ್ 16ರಂದು ಪಾರ್ಲಿಮೆಂಟಿನ ಕೆಳಗಿನ ಒಲೆಗಳಿಗೆ ತುಂಬಿ ಸುಡಲು ಹೋಗಿ, ಆ ರಾತ್ರಿ ಪಾರ್ಲಿಮೆಂಟೇ ಸುಟ್ಟುಹೋಯಿತು. ಬಡವರಿಗೆ ಸೌದೆಯೆಂದು ಕೊಟ್ಟಿದ್ದರೆ ಮುಗಿಯುತ್ತಿತ್ತು ಎಂದು ಮುಂದೆ ಡಿಕನ್ಸ್ ಒಂದು ಭಾಷಣದಲ್ಲಿ ಲೇವಡಿ ಮಾಡಿದ. ಹಳೆಯ ಕಡತ ವಿಲೇವಾರಿ ಮಾಡಿ ಎಂಬ ಸುತ್ತೋಲೆ ಬಂದಾಗ ನಮ್ಮ ಕಚೇರಿಗಳಲ್ಲಿ ಯಾರೂ ಆತುರ ಪಡುವುದಿಲ್ಲವಲ್ಲ, ಅದರ ಹಿಂದಿನ ವಿವೇಕ ಈಗ ನನಗೆ ಅರ್ಥವಾಗಿದೆ.

ಕೋಲಿನ ಜಾಗಕ್ಕೆ ಕಾಗದ ಬಂತು. ಇಂಥವನಿಗೆ ಇಷ್ಟು ಕೊಡಿ ಎಂದು ಸಾಹುಕಾರನಿಗೆ ಬರೆದ ಇಂಗ್ಲೆಂಡಿನ ಚೀಟಿಗಳಲ್ಲಿ ಉಳಿದುಬಂದಿರುವ ತೀರ ಹಳೆಯವುಗಳಲ್ಲಿ ಒಂದು 1659ರದು, 400 ಪೌಂಡಿನದು. ಆಗ ಅದಕ್ಕೆ ಚೆಕ್ ಎಂಬ ಹೆಸರಿರಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಚೆಕ್ ಎಂದರೆ ಬ್ಯಾಂಕಿನಲ್ಲಿ ಉಳಿಯುವ ಮರುಪ್ರತಿ, ಕಳ್ಳ ಸಹಿಗೆ ಕಳ್ಳ ಅಂಕಿಗೆ ತಡೆ ಹಾಕುವ ತುಂಡು. ಬರಬರುತ್ತ ತಡೆಯ ಹೆಸರು ದುಡ್ಡಿನ ಚೀಟಿಗೇ ಹತ್ತಿತು. ಬ್ರಿಟಿಷರು ಎಕ್ಸ್‌ಚೆಕರಿನ ಗತ್ತನ್ನು ನೆನೆದು ಕಾಗುಣಿತವನ್ನು ಕೊಂಚ ಅಲಂಕರಿಸಿದರು, ಅಮೆರಿಕದವರು ಇದ್ದ ಹಾಗೇ ಬಿಟ್ಟರು. ಹೋಟೆಲಿನ ಬಿಲ್ಲಿಗೂ ಅಮೆರಿಕದವರು ಚೆಕ್ ಎನ್ನುತ್ತಾರೆ. ಅಲ್ಲಿರುವ ನನ್ನ ಸೋದರಳಿಯನ ಜೊತೆ ಊಟಕ್ಕೆ ಹೋದಾಗ ಅವನು ಮಾಣಿಯನ್ನು ಕರೆದು "ಚೆಕ್ ಪ್ಲೀಸ್" ಎಂದ. ಊಟ ಮಾಡಿದ ತಟ್ಟೆಯನ್ನೂ ಪರೀಕ್ಷಿಸುತ್ತಾರೇನೋ ಎಂದು, ಬದಿಗೆ ಸರಿಸಿದ್ದ ಸೊಪ್ಪನ್ನು ನಾನು ಗಡಿಬಿಡಿಯಲ್ಲಿ ತಿಂದು ಮುಗಿಸಿದೆ.

ಅರಬ್ಬೀ ವರ್ತಕರ "ಸಕ್ಕ್" ಎಂಬ ಹಣಪತ್ರದಿಂದಲೇ ಚೆಕ್ ಬಂತು ಎಂದು ವಾದಿಸುವವರೂ ಇದ್ದಾರೆ. ಸಕ್ಕ್ ಸಣ್ಣ ವಸ್ತುವಲ್ಲ. ಹತ್ತನೆಯ ಶತಮಾನದಲ್ಲಿ ಇಬ್ನ್ ಹೌಕಲ್ ಎಂಬ ಪ್ರವಾಸಿ ಸಹಾರಾದ ಆಚೆ ಅಂಚಿನ ಔದಘಸ್ತ್‌ನಲ್ಲಿ 42,000 ದಿನಾರಿನ ಸಕ್ಕ್ ಕಂಡು ಬೆರಗಾಗಿದ್ದ. ಅದರ ಮೂಲ ಪಾರಸಿಯ "ಚಕ್", ಕರಾರುಪತ್ರ. ನನಗೆ ಈ ವಾದದ ಮೇಲೆ ಒಂದು ಸ್ವಾರ್ಥದ ಪ್ರೀತಿ. ಯಾಕೆಂದರೆ ನಮ್ಮ ಕ್ರಯಪತ್ರಗಳಲ್ಲಿ ಚಕ್ಕುಬಂದಿ ಇದೆಯಲ್ಲ! "ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ರಾಯರ ಮನೆ" ಎಂದು ಹೊಲ ಮನೆಗಳಿಗೆ ನಾಲ್ಕು ದಿಕ್ಕಿನಲ್ಲಿ ಬೇಲಿ ಹಾಕುವ ಆ ಚಕ್ಕನ್ನೂ ಈ ಚೆಕ್ಕನ್ನೂ ಕೈಹಿಡಿಸಿಬಿಡೋಣ ಎಂದು ಎಷ್ಟು ಆಸೆಯಾಯಿತು! ನಿಘಂಟುಕಾರರು ಜಪ್ಪಯ್ಯ ಎಂದರೂ ಒಪ್ಪುವುದಿಲ್ಲ. ದನಿ ಒಂದೇ ಎಂದ ಮಾತ್ರಕ್ಕೆ ಸಂಬಂಧ ಬೆಳೆಸಬೇಡಿ ಎನ್ನುತ್ತಾರೆ. ಪದಗಳ ವಿಷಯದಲ್ಲಿ ಅವರು ಜಾತಕ ನೋಡುವವರಿಗಿಂತ ಬಿಗಿ.

ಅಂಗಿಯ ಚೆಕ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚದುರಂಗದ ಮನೆಗಳ ಹಾಗೆ ಇರುವುದರಿಂದ ಆ ಹೆಸರು. ನಮ್ಮಲ್ಲಿ ಅದಕ್ಕೆ ಚೌಕಳಿ ಎಂಬ ಸೊಗಸಾದ ಮಾತಿತ್ತು. ಚೌಕಳಿ ಸೀರೆ ಎಂದರೆ ಅಜ್ಜಿಯಂದಿರ ಕಣ್ಣು ಅರಳುತ್ತಿತ್ತು. ಉಡುಪಿಯ ಮಗ್ಗಗಳಲ್ಲಿ ಇಂದಿಗೂ ನೇಯುತ್ತಾರೆ. ಅಂಗಡಿಯ ಹುಡುಗನಿಗೆ ಚೌಕಳಿ ಎಂದರೆ ಮಾತ್ರ "ಅದು ಚಾಟ್ಸ್ ಸೆಂಟರಲ್ಲಿ ಕೇಳಿ ಸಾರ್" ಎನ್ನುತ್ತಾನೆ.

ಚೆಕ್‌ಪೋಸ್ಟುಗಳ ಕಾಲ ಅರ್ಧ ಮುಗಿಯಿತು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯಗಳ ಗಡಿಯಲ್ಲಿದ್ದ ವಾಣಿಜ್ಯ ತೆರಿಗೆಯ ಗೇಟುಗಳು ಎದ್ದುಹೋದವು. ಕಾಡಿನವು ಉಳಿದಿವೆ. ಬಂಡೀಪುರದಲ್ಲಿ ರಾತ್ರಿ ಒಂಬತ್ತಕ್ಕೆ ಗೇಟು ಬಿತ್ತೆಂದರೆ ಬೆಳಿಗ್ಗೆ ಆರರವರೆಗೆ ಕೇರಳದವನೂ ಅಷ್ಟೆ, ಊಟಿಯವನೂ ಅಷ್ಟೆ. ಚಾಮರಾಜನಗರದಿಂದ ಸತ್ಯಮಂಗಲದ ಕಡೆಗೆ ಇಳಿಯುವ ಕಾಡುದಾರಿಯಲ್ಲಂತೂ ಆನೆಗಳೇ ಚೆಕಿಂಗ್ ನಡೆಸುತ್ತವೆ. ಕಬ್ಬಿನ ಲಾರಿಯ ವಾಸನೆ ಹಿಡಿದು ರಸ್ತೆಯ ನಡುವೆ ನಿಂತು, ಸೊಂಡಿಲು ಚಾಚಿ ತಮ್ಮ ಪಾಲು ಇಳಿಸಿಕೊಂಡ ಮೇಲೆಯೇ ದಾರಿ ಬಿಡುವುದು. ಚದುರಂಗದಲ್ಲಿ ಮೂಲೆಯಲ್ಲಿ ಕೂತು ನೇರ ದಾರಿ ಕಾಯುವ ಕಾಯಿಗೆ ನಮ್ಮವರು ಆನೆ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಇಂಗ್ಲಿಷರು ಅದನ್ನು ಕೋಟೆ ಎನ್ನುತ್ತಾರೆ. ಕೋಟೆ ನಡೆಯುವುದನ್ನು ಯಾರು ಕಂಡಿದ್ದಾರೆ?

ಚೆಕ್ ಬಿದ್ದ ರಾಜನಿಗೆ ಉಪಾಯ ಮೂರು: ಜಾಗ ಬಿಡುವುದು, ನಡುವೆ ಯಾರನ್ನಾದರೂ ಅಡ್ಡ ನಿಲ್ಲಿಸುವುದು, ಏರಿಬಂದ ಕಾಯಿಯನ್ನೇ ಹೊಡೆಯುವುದು. ಸರ್ಕಾರಿ ಬಸ್ಸಿನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಇತ್ತೀಚೆಗೆ ನಮ್ಮ ಬಸ್ಸಿಗೆ ಚೆಕಿಂಗಿನವರು ಹತ್ತಿದರು. ಮುಂದಿನ ಬಾಗಿಲಿನಿಂದ ಒಬ್ಬರು, ಹಿಂದಿನಿಂದ ಒಬ್ಬರು. ಹಿಂದಿನ ಸೀಟಿನ ಕಾಲೇಜು ಹುಡುಗ ಮೊದಲ ಉಪಾಯ ಹಿಡಿದು ಮುಂದೆ ಸರಿದ, ಅಲ್ಲೂ ಖಾಕಿ ಕಂಡು ನಿಂತ. ಎರಡನೆಯ ಉಪಾಯವಾಗಿ ಗೆಳೆಯನನ್ನು ಮುಂದೆ ಮಾಡಿ "ಇವನು ತಗೊಂಡಿದಾನೆ ಸಾರ್" ಎಂದ. ಮೂರನೆಯದು ಅವನ ವಯಸ್ಸಿಗೆ ಸಾಧ್ಯವಿರಲಿಲ್ಲ. ನನ್ನ ಪಕ್ಕದಲ್ಲಿ ಬುಟ್ಟಿ ತುಂಬ ನುಗ್ಗೆಕಾಯಿ ಇಟ್ಟುಕೊಂಡ ಅಜ್ಜಿ. ಶಕ್ತಿ ಯೋಜನೆಯ ಶೂನ್ಯ ದರದ ಟಿಕೆಟ್ಟನ್ನು ಎಲೆಯಡಿಕೆ ಚೀಲದಲ್ಲಿ ಮಡಿಸಿಟ್ಟಿದ್ದಳು. ಎಲೆ ತೆಗೆದಳು, ಅಡಿಕೆ ತೆಗೆದಳು, ಸುಣ್ಣದ ಡಬ್ಬಿ ತೆಗೆದಳು. "ದುಡ್ಡೇ ಕೊಡ್ದಿರೋ ಟಿಕೀಟ್ಗೂ ಚೆಕಿಂಗೇನಪ್ಪ?" ಎಂದಳು. "ಅದನ್ನೂ ಲೆಕ್ಕ ಹಾಕ್ಬೇಕು ಕಣಜ್ಜಿ, ಸರ್ಕಾರ ನಮ್ಗೆ ದುಡ್ ಕೊಡೋದೇ ಅದ್ರ ಲೆಕ್ಕದ್ ಮೇಲೆ" ಎಂದು ಆತ ತಾಳ್ಮೆಯಿಂದ ಹೇಳಿದ. ಸಿಕ್ಕ ಟಿಕೆಟ್ಟಿಗೆ ಅರ್ಧ ಸುಣ್ಣ ಹತ್ತಿತ್ತು. ಅವನು ಅದನ್ನು ಬೆಳಕಿಗೆ ಹಿಡಿದು ನೋಡಿ, ಹರಿದು, ವಾಪಸ್ ಕೊಟ್ಟ. ಸೊನ್ನೆಯಿಲ್ಲದೆ ಒದ್ದಾಡಿದ ಷೆರೀಫರನ್ನು ನೆನೆದು ನನಗೆ ನಗು ಬಂತು. ಇಲ್ಲಿ ಸೊನ್ನೆಗೂ ಚೆಕ್ಕು.

ರಾಜರಿಗೇ ಚೆಕ್ ಬಿದ್ದ ಕಥೆ ನಮ್ಮ ಮೈಸೂರಿನಲ್ಲೇ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡರು. ಅರಮನೆ ಉಳಿಯಿತು, ಅಧಿಕಾರ ಹೋಯಿತು. ಪುಸ್ತಕ, ಚಿತ್ರ, ಆಟಗಳಲ್ಲಿ ಮನಸ್ಸಿಟ್ಟಿದ್ದ ದೊರೆ ಅವರು. ಹಾಸಿನ ಮೇಲೆ ಒಂದೇ ಕುದುರೆಯನ್ನು ಅದರ ನಡೆಯಲ್ಲೇ 64 ಮನೆಗಳಿಗೂ ಒಂದೊಂದು ಸಲ ಮಾತ್ರ ಇಳಿಸಿ ಸುತ್ತಿಸುವ ಬಂಧಗಳನ್ನು ರಚಿಸಿದರು. ಆ ಸುತ್ತಾಟದಲ್ಲಿ ಎದುರಾಳಿಯೇ ಇಲ್ಲ, ರಾಜನೂ ಇಲ್ಲ. ಯಾರೂ ಯಾರಿಗೂ ಚೆಕ್ ಕೊಡುವಂತಿಲ್ಲ. ಅವರಿಗೆ ಆ ಆಟ ಏಕೆ ಹಿಡಿಸಿತೆಂದು ನಾನು ಊಹಿಸಬಲ್ಲೆ.

ರಾಯರ ಮೊಮ್ಮಗಳು ಈಗ ಚೆಸ್ ಕಲಿಯುತ್ತಿದ್ದಾಳೆ. ಜಿಲ್ಲಾ ಮಟ್ಟದವರೆಗೂ ಹೋಗಿ ಬಂದವಳು. ಸಂಜೆ ನಮ್ಮ ಜಗಲಿಗೆ ಬಂದು ನನ್ನನ್ನು ಸೋಲಿಸಿ ಹೋಗುವುದು ಅವಳ ಮನೆಪಾಠದ ಒಂದು ಭಾಗ. ಮೊನ್ನೆ ಹೇಗೋ ನನ್ನ ಒಂಟೆ ಅವಳ ರಾಜನ ಎದುರಿಗೆ ಬಂತು. ಇಷ್ಟೆಲ್ಲ ಓದಿಕೊಂಡಿದ್ದ ಹುಮ್ಮಸ್ಸಿನಲ್ಲಿ, ಅನುಶಿರ್ವಾನನ ಆಸ್ಥಾನಕ್ಕೆ ಕೇಳಿಸುವ ಹಾಗೆ "ಚೆಕ್!" ಎಂದೆ. ಅವಳು ತಲೆಯೆತ್ತಲಿಲ್ಲ. "ಅಜ್ಜ, ಕಿರುಚ್ಬೇಡಿ. ಟೂರ್ನಮೆಂಟಲ್ಲಿ ಯಾರೂ ಹಾಗನ್ನಲ್ಲ, ಕಾಣ್ಸುತ್ತಲ್ಲ" ಎಂದು ಕುದುರೆಯಿಂದ ನನ್ನ ಒಂಟೆಯನ್ನು ಎತ್ತಿ ಪಕ್ಕಕ್ಕಿಟ್ಟಳು. ವಿಚಾರಿಸಿದೆ, ಅವಳು ಹೇಳಿದ್ದು ಸರಿ. ಅಂತರರಾಷ್ಟ್ರೀಯ ಚೆಸ್ ಒಕ್ಕೂಟದ ಈಗಿನ ನಿಯಮಗಳಲ್ಲಿ ಚೆಕ್ ಕೊಟ್ಟಾಗ "ಚೆಕ್" ಎಂದು ಹೇಳಬೇಕೆಂದು ಎಲ್ಲೂ ಇಲ್ಲ.